ಮೀನಿಗೆ ಲವಂಗದೆಣ್ಣೆ ಹಾಕಿದ ಡಾಕ್ಟರು

ಹಲ್ಲಿನ ಡಾಕ್ಟರು ತೀರಿಕೊಂಡ ಸುದ್ದಿ ನನಗೆ ಮುಂಡಗೋಡದ ಬಸ್ ನಿಲ್ದಾಣದಲ್ಲಿ ಸಿಕ್ಕಿತು. ದಾಂಡೇಲಿಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು, ಈಗ ಬಗಲಲ್ಲಿ ಕೂಸು ಎತ್ತಿಕೊಂಡವಳು, ಗುರುತು ಹಿಡಿದು ಮಾತಾಡಿಸಿದಳು. ಯಾರ ಮದುವೆಯಾಯಿತು, ಯಾರಿಗೆ ವರ್ಗವಾಯಿತು, ಎಲ್ಲ ಹೇಳಿದಳು. ಅಷ್ಟರಲ್ಲಿ ಅವಳ ಶಿರಸಿ ಬಸ್ಸು ಬಂತು. ಹತ್ತುವಾಗ ಮೆಟ್ಟಿಲ ಮೇಲೆ ನಿಂತು, "ಅಕ್ಕೋರ, ನೀವು ಬಾಡಗಿ ಇದ್ದ ಮನಿ ಡಾಕ್ಟರ್ರು ಹೋದ್ರಂತ್ರಿ, ಹಳ್ಯಾಳದಾಗ. ಮಳಿಗಾಲಕ್ಕಿಂತ ಮದ್ಲನ" ಎಂದಳು. ಮುಖ್ಯವಾದದ್ದನ್ನು ಕಡೆಗೆ ಇಡುವ ಚಾಳಿ ಅವಳಿಗೆ ಪರೀಕ್ಷೆಯಲ್ಲೂ ಇತ್ತು. ನಾನು ಹೋಗಬೇಕಾಗಿದ್ದ ಸನವಳ್ಳಿ ಬಸ್ಸು ಎದುರಿಗೇ ಬಂದು ನಿಂತು ಹೊರಟುಹೋಯಿತು. ಹತ್ತಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ದಾಂಡೇಲಿಯಲ್ಲಿ ಬಹಳ ಜನಕ್ಕೆ ತಿಳಿಯಲಿಕ್ಕಿಲ್ಲ, ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಲ್ಲಿನ ಡಾಕ್ಟರು ಎಂದೇ. ಎಪ್ಪತ್ತರ ದಶಕದ ಕೊನೆಗೆ ನಾನು ಅಲ್ಲಿಯ ಹೈಸ್ಕೂಲಿಗೆ ಹೋದಾಗ ಅವರ ಮನೆಯ ಹಿಂದಿನ ಖೋಲಿಯನ್ನು ಬಾಡಿಗೆ ಹಿಡಿದೆ. ಮುಂದಿನ ಎರಡು ಕೋಣೆ ದವಾಖಾನೆ, ನಡುವೆ ಅವರು ಮತ್ತು ಅವರ ಹೆಂಡತಿ, ಹಿಂದೆ ನಾನು. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಡಾಕ್ಟರದು ಹಳಿಯಾಳದ ಮರಾಠಿ ಮಾತಿನ ಮನೆ. ನನ್ನ ಕೂಡ ಕನ್ನಡ, ವೈನಿಯ ಕೂಡ ಮರಾಠಿ, ಜೋಯಿಡಾ ಕಡೆಯಿಂದ ಗಲ್ಲ ಊದಿಸಿಕೊಂಡು ಬಂದವರ ಕೂಡ ಕೊಂಕಣಿ ಆಡುತ್ತಿದ್ದರು. "ಹಲ್ಲು ನೋಯುವಾಗ ಮನಷ್ಯಾಗ ಮನಿಮಾತು ಒಂದ ನೆನಪಿರತೈತ್ರಿ" ಎನ್ನುವುದು ಅವರ ಅನುಭವ.

ಎತ್ತರದ ಆಳು. ಬೆರಳು ದಪ್ಪ, ಉಗುರು ಯಾವಾಗಲೂ ಬುಡದವರೆಗೆ ಕತ್ತರಿಸಿದ್ದು. ಮೈಯೆಲ್ಲ ಲವಂಗದ ವಾಸನೆ. ವೈನಿ ಅಡಿಗೆಗೆ ಲವಂಗ ಹಾಕುವುದನ್ನೇ ಬಿಟ್ಟಿದ್ದರು. "ಇವರು ಊಟಕ್ಕ ಬಂದು ಕುಂತ್ರ ಸಾಕಲ್ರಿ" ಎಂದು ನಗುತ್ತಿದ್ದರು.

ಆ ವಾಸನೆಗೆ ಕಾರಣವಿತ್ತು. ಹಲ್ಲು ಕೀಳುವ ಮೊದಲು ಎಲ್ಲ ಡಾಕ್ಟರರೂ ವಸಡಿಗೆ ಸೂಜಿ ಹಾಕುತ್ತಾರೆ. ಇವರಿಗೆ ಆ ಸೂಜಿಯ ನೋವೂ ರೋಗಿಗೆ ತಿಳಿಯಬಾರದು. ಆದ್ದರಿಂದ ಸೂಜಿಗಿಂತ ಮೊದಲು ಲವಂಗದೆಣ್ಣೆಯ ಹತ್ತಿ ಇಟ್ಟು, ಜೋಮು ಹಿಡಿಯುವವರೆಗೆ ಹೊರಗಿನ ಬಾಕಿನ ಮೇಲೆ ಕೂಡಿಸುತ್ತಿದ್ದರು. ಚಿಕ್ಕವರಿದ್ದಾಗ ಹಳಿಯಾಳದ ಸಂತೆಯಲ್ಲಿ ಅವರ ಅವ್ವನ ಹಲ್ಲನ್ನು ಒಬ್ಬ ಎದೆಗೆ ಮೊಳಕಾಲು ಕೊಟ್ಟು ಕಿತ್ತಿದ್ದನಂತೆ. ಅವ್ವ ಕೂಗಲಿಲ್ಲ, ಆದರೆ ನೆಲದ ಮಣ್ಣನ್ನು ಕಾಲ್ಬೆರಳಿನಿಂದ ಗೀರಿ ಗೀರಿ ತಗ್ಗು ಮಾಡಿದ್ದಳು. ಅದನ್ನು ನೋಡಿದ ಹುಡುಗ ಹಲ್ಲಿನ ಡಾಕ್ಟರನಾದ. ಅವರ ಕುರ್ಚಿಗೆ ಏರುವವರು ಚಪ್ಪಲಿ ಬಿಡಬೇಕೆಂಬ ನಿಯಮ ಅಲ್ಲಿಂದಲೇ ಬಂದದ್ದು. ಜನ ಅದನ್ನು ಮಡಿ ಎಂದುಕೊಂಡಿದ್ದರು, ಸ್ವಚ್ಛತೆ ಎಂದುಕೊಂಡಿದ್ದರು. ನಿಜ ಸಂಗತಿ ನನಗೂ ವೈನಿಗೂ ಮಾತ್ರ ಗೊತ್ತಿತ್ತು. ಕೆಲಸ ಮಾಡುತ್ತ ಅವರು ಆಗಾಗ ರೋಗಿಯ ಕಾಲ್ಬೆರಳ ಕಡೆಗೆ ನೋಡುತ್ತಿದ್ದರು. "ನೋವಾತೇನು ಅಂತ ಕೇಳಿದ್ರ ಎಲ್ಲಾರೂ ಇಲ್ಲ ಅಂತಾರ್ರಿ, ಡಾಕ್ಟರ್ಗೆ ಬ್ಯಾಸರ ಆದೀತು ಅಂತ. ಕಾಲ್ಬಳ್ಳಿಗೆ ಆ ದಾಕ್ಷಿಣ್ಯ ಇರೂದಿಲ್ಲ." ಬೆರಳು ಮಡಚಿಕೊಂಡರೆ ಇಕ್ಕಳ ಕೆಳಗಿಟ್ಟು ಮತ್ತೆ ಕಾಯುತ್ತಿದ್ದರು. ಹೀಗಾಗಿ ಅವರ ದವಾಖಾನೆಯಲ್ಲಿ ಯಾವ ಕೆಲಸವೂ ಬೇಗ ಮುಗಿಯುತ್ತಿರಲಿಲ್ಲ. ಬಿದಿರಿನ ಲಾರಿಯ ಹಮಾಲರು ಹತ್ತಿ ಕಚ್ಚಿಕೊಂಡೇ ಹೊರಗೆ ಹೋಗಿ, ಒಂದು ಲಾರಿ ಖಾಲಿ ಮಾಡಿ ಬರುತ್ತೇವೆ ಎಂದು ಚೇಷ್ಟೆ ಮಾಡುತ್ತಿದ್ದರು.

ಕಾಯುವವರ ಭಯ ಮರೆಸಲಿಕ್ಕೆಂದು ಬಾಕಿನ ಎದುರಿಗೆ ಒಂದು ಗಾಜಿನ ತೊಟ್ಟಿ ಇಟ್ಟಿದ್ದರು. ಕೆಂಪು, ಕಪ್ಪು, ಬಿಳಿ ಬಣ್ಣದ ಸಾಕುಮೀನುಗಳು. ಬೆಳಗಾವಿಯಿಂದ ಹಾಲಿನ ಕ್ಯಾನಿನಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವು. ನೀರಿಗೆ ಗಾಳಿ ಬಿಡುವ ಸಣ್ಣ ಪಂಪನ್ನು ಅಂಬಿಕಾನಗರದ ವಿದ್ಯುತ್ ಕೇಂದ್ರದ ಇಂಜಿನಿಯರೊಬ್ಬರು ತಮ್ಮ ದವಡೆ ವಾಸಿಯಾದ ಸಂತೋಷಕ್ಕೆ ತಂದುಕೊಟ್ಟಿದ್ದರು. ವಿದ್ಯುತ್ತು ತಯಾರಿಸುವವರು ಕೊಟ್ಟ ಪಂಪು ವಿದ್ಯುತ್ತಿಲ್ಲದೆ ದಿನಾ ನಿಲ್ಲುತ್ತಿತ್ತು. ಆಗ ಡಾಕ್ಟರು ಕೀಳುವ ಹಲ್ಲನ್ನು ಬಿಟ್ಟು ಬಂದು ಲೋಟದಿಂದ ನೀರು ಎತ್ತಿ ಸುರಿಯುತ್ತ ನಿಲ್ಲುವರು. ಮೀನುಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಕೇಸರಿ ಬಣ್ಣದ್ದು, ಡೊಳ್ಳು ಹೊಟ್ಟೆಯದು. ಹಮಾಲರು ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದರು. ಉಳಿದವು ತಿನ್ನುವುದಕ್ಕೆ ಓಡಾಡಿದರೆ ಇದು ನಿಂತಲ್ಲೇ ಬಾಯಿ ತೆರೆದು ಕಾಯುತ್ತಿತ್ತು. ವೈನಿ ಬಂಗಡೆ ಹುರಿದ ದಿನ ಡಾಕ್ಟರು ಅದನ್ನೂ ಚಪ್ಪರಿಸಿ ಊಟ ಮಾಡುತ್ತಿದ್ದರು. ನಾನು ಲಿಂಗಾಯತರ ಮನೆಯವಳು, ಮೀನಿನ ವಾಸನೆಗೆ ಬಾಗಿಲು ಹಾಕಿಕೊಳ್ಳುವವಳು. "ಒಂದ ಜಾತಿಗೆ ಉಪಚಾರ, ಇನ್ನೊಂದಕ್ಕ ಉಪ್ಪು ಖಾರ. ಇದ್ಯಾವ ನ್ಯಾಯ ಡಾಕ್ಟರ್ರ?" ಎಂದರೆ, "ಬಂಗಡಿ ನನ್ನ ಪೇಷಂಟ್ ಅಲ್ರಿ" ಎನ್ನುವರು.

ಒಂದು ದಿನ ತೊಟ್ಟಿ ತೊಳೆಯಲೆಂದು ಮೀನುಗಳನ್ನು ನೀರು ತುಂಬಿದ ಬುಟ್ಟಿಗೆ ಹಾಕಿ ಮೇಜಿನ ಪಕ್ಕದಲ್ಲಿಟ್ಟಿದ್ದರು. ಪ್ಲಾಸ್ಟಿಕ್ಕಿನ ಆ ಅಗಲ ಬುಟ್ಟಿಯಲ್ಲಿ ವೈನಿ ಬಟ್ಟೆ ನೆನೆಹಾಕುತ್ತಿದ್ದರು. ಶಾಲೆಗೆ ರಜೆ, ನಾನು ಬಾಕಿನ ಮೇಲೆ ಕೂತು ಮಾತಾಡುತ್ತಿದ್ದೆ. ಪಕ್ಕದಲ್ಲಿ ಕಾಡಂಚಿನ ಹಳ್ಳಿಯಿಂದ ಬಂದ ಸಿದ್ದಿ ಅಜ್ಜಿಯೊಬ್ಬಳು ಗಲ್ಲಕ್ಕೆ ಸೆರಗು ಒತ್ತಿಕೊಂಡು ಕೂತಿದ್ದಳು. ಡಾಕ್ಟರು ಸ್ಪಿರಿಟ್ಟಿನಲ್ಲಿ ಕಲಸಿದ ಲವಂಗದೆಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಎತ್ತಿಕೊಂಡರು. ಅದು ಅವರ ಕೈಯಿಂದ ಜಾರಿ ನೇರ ಬುಟ್ಟಿಗೆ ಬಿತ್ತು. ಮೀನುಗಳು ಒಂದು ಸಲ ಹುಚ್ಚೆದ್ದು ತಿರುಗಿದವು, ಆಮೇಲೆ ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿದವು. ಡಾಕ್ಟರ ಮುಖ ಸುಣ್ಣವಾಯಿತು. ಅಜ್ಜಿ ಮಾತ್ರ ನೋವು ಮರೆತು ನಕ್ಕಳು. "ಸತ್ತಿಲ್ಲೋ ಯಪ್ಪಾ, ಅಮಲ್ ಏರೇತಿ. ನಾವು ಹಳ್ಳಕ್ಕ ಕಾರಿಕಾಯಿ ಜಜ್ಜಿ ಹಾಕಿದ್ರ ಹಿಂಗ ತೇಲ್ತಾವ, ಹಿಡಕೊಂಡು ಸಾರು ಮಾಡ್ತೀವಿ. ಹಿಡೀದ ಬಿಟ್ಟದ್ದು ತಿಳಿ ನೀರಿಗಿ ಹೋಗಿ ಓಡ್ತಾವ." ಡಾಕ್ಟರು ಒಂದೊಂದನ್ನೇ ಎತ್ತಿ ತೊಟ್ಟಿಯ ಹೊಸ ನೀರಿಗೆ ಬಿಟ್ಟರು. ಅಜ್ಜಿ ಹೇಳಿದಂತೆಯೇ ಆಯಿತು. ಎಲ್ಲಕ್ಕಿಂತ ಕಡೆಗೆ ಸಾವ್ಕಾರ ಎದ್ದ.

ಡಾಕ್ಟರಿಗೆ ಆದ ಖುಷಿ ಹೇಳತೀರದು. ಮನುಷ್ಯರ ವಸಡಿಗೆ ಹಾಕುವ ಎಣ್ಣೆ ಮೀನಿಗೂ ನಿದ್ದೆ ತರುತ್ತದೆ ಎಂಬುದು ಅವರಿಗೆ ಹಬ್ಬವಾಯಿತು. ಅಂದಿನಿಂದ ಮೀನಿನ ಉಪಚಾರ ಶುರು. ಬಾಲ ಕೊಳೆತದ್ದಕ್ಕೆ ಕೊಳೆತ ತುದಿ ಕತ್ತರಿಸಿ ಔಷಧ ಹಚ್ಚುವುದು, ಮೈಗೆ ಅಂಟಿದ ಹುಳ ಕೀಳುವುದು, ಎಲ್ಲಕ್ಕೂ ಮೊದಲು ಲವಂಗದ ನೀರು. ಬರೀ ಎಣ್ಣೆ ಹಾಕಿದರೆ ಮೇಲೆ ತೇಲುತ್ತದೆ, ಸ್ಪಿರಿಟ್ಟಿನಲ್ಲಿ ಕಲಸಿ ಹನಿಹನಿಯಾಗಿ ಹಾಕಬೇಕು. ಮೀನು ಮಗ್ಗುಲಾದಾಗ ಸಾಕು ಮಾಡಬೇಕು. ಮೈ ಮಲಗಿದರೂ ಕಿವಿರು ಮೆಲ್ಲಗೆ ತೆರೆದು ಮುಚ್ಚುತ್ತಿರಬೇಕು, ಅದು ನಿಂತರೆ ಉಸಿರು ನಿಂತ ಹಾಗೆ. ಇದನ್ನೆಲ್ಲ ಅವರು ನನಗೆ ಎಷ್ಟು ಸಲ ಹೇಳಿದ್ದರೆಂದರೆ ನಾನು ಪಾಠದ ನಡುವೆ ಮಕ್ಕಳಿಗೂ ಹೇಳಿಬಿಟ್ಟಿದ್ದೆ. "ಮೀನಿಗೆ ಕಾಲ್ಬಳ್ಳಿಲ್ಲ ನೋಡ್ರಿ, ಅದಕ್ಕ ಕಿವಿರು ನೋಡಬೇಕು" ಎನ್ನುತ್ತಿದ್ದರು. ಊರವರು ಡಾಕ್ಟರು ಮೀನಿನ ಹಲ್ಲು ಕೀಳುತ್ತಾರೆ ಎಂದು ನಗಾಡಿದರು. ಅವರೂ ನಕ್ಕರು.

ಆದರೆ ಬಾಟಲಿ ಜಾರಿದ್ದು ಯಾಕೆ ಎಂದು ಆ ದಿನ ಯಾರೂ ಕೇಳಿರಲಿಲ್ಲ. ವೈನಿಗೆ ಗೊತ್ತಿತ್ತು. ಕೆಲವು ಕಾಲದಿಂದ ಅವರು ಗಂಡನಿಗೆ ಚಹಾ ಅರ್ಧ ಕಪ್ಪೇ ಕೊಡುತ್ತಿದ್ದರು. ತುಂಬಿದ್ದನ್ನು ಕೊಟ್ಟರೆ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲುತ್ತಿತ್ತು. ಬಲಗೈಯ ನಡುಕ ದಿನಾ ಬರುತ್ತಿರಲಿಲ್ಲ. ಬಂದರೂ ಸುಮ್ಮನೆ ಕೂತಾಗ ಬರುವುದು, ಇಕ್ಕಳ ಹಿಡಿದಾಗ ನಿಲ್ಲುವುದು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ವಯಸ್ಸಿನದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಗುಳಿಗೆ ಬರೆದುಕೊಟ್ಟರು. ಇವರು ಹಚ್ಚಿಕೊಂಡರು. ಒಂದು ಮಧ್ಯಾಹ್ನ ಹಮಾಲನೊಬ್ಬನ ಬಾಯಲ್ಲಿ ಕೆಲಸ ಮಾಡುವಾಗ ಅವರ ಕೈಯ ಹತ್ಯಾರ ತುಸು ಜಾರಿ ತುಟಿಗೆ ಗೀರು ಬಿತ್ತು. ಆ ಮನುಷ್ಯ, "ಏನಾಗಿಲ್ಲ ಬಿಡ್ರಿ ಸಾಹೇಬ್ರ, ಬಿದಿರು ಇದಕ್ಕಿಂತ ಜಾಸ್ತಿ ಕೊಯ್ತೈತಿ" ಎಂದು ನಕ್ಕೊಂಡೇ ಹೋದ. ಡಾಕ್ಟರು ಅವನ ಕಾಲ್ಬೆರಳು ನೋಡಿದ್ದರು. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನದಿಂದ ಹಲ್ಲು ಕೀಳಿಸಲಿಕ್ಕೆ ಬಂದವರಿಗೆ ಗುಳಿಗೆ ಕೊಟ್ಟು ಮುಂದಿನ ವಾರ ಬರ್ರಿ ಎಂದು ಕಳಿಸತೊಡಗಿದರು.

ಅದೇ ದಿನಗಳಲ್ಲಿ ಸಾವ್ಕಾರನ ತುಟಿಯ ಮೇಲೆ ಒಂದು ಗಂಟು ಎದ್ದಿತು. ಮೊದಲು ಸಾಸಿವೆಯಷ್ಟಿತ್ತು, ಬೆಳೆದು ಬಾಯಿ ಮುಚ್ಚದ ಹಾಗಾಯಿತು. ಬಾಯಿಗೆ ಬಂದ ಕಾಳನ್ನು ಉಗುಳುತ್ತಿತ್ತು. ಡೊಳ್ಳು ಇಳಿಯಿತು. ಡಾಕ್ಟರು ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಅದನ್ನು ನೋಡುತ್ತ ಕೂಡುವರು. ಒಂದು ಸಂಜೆ ನನಗೂ ವೈನಿಗೂ ಕೇಳುವಂತೆ ಹೇಳಿದರು. "ಐತವಾರ ಇದರ ಗಂಟು ತಗೀತೇನಿ. ಇಷ್ಟು ಸಣ್ಣ ಕೆಲಸ ಮನಷ್ಯಾರ ಬಾಯಾಗೂ ಇರೂದಿಲ್ಲ. ಮೀನು ಉಳೀತಂದ್ರ ನನ್ನ ಕೈ ಇನ್ನೂ ಐತಿ ಅಂತ ಅರ್ಥ, ದವಾಖಾನಿ ನಡಸ್ತೇನಿ. ಇಲ್ಲಂದ್ರ ಬೋರ್ಡ್ ಇಳಸ್ತೇನಿ."

"ಮೀನಿನ ಕೂಡ ಪಂದ್ಯಾ ಕಟ್ಟತಾರೇನ್ರಿ ಯಾರರ?" ಎಂದರು ವೈನಿ, ನನ್ನ ಕಡೆ ನೋಡಿ. ನನಗೂ ಸಿಟ್ಟು ಬಂತು. ಇಷ್ಟು ವರ್ಷದ ಕಸಬನ್ನು ಒಂದು ಗೇಣಿನ ಮೀನಿನ ಬಾಯಿಗೆ ಕಟ್ಟುವುದು ಎಂಥ ಬುದ್ಧಿ ಎಂದೆ. "ಮನಷ್ಯಾರ ಮ್ಯಾಲ ಪರೀಕ್ಷಾ ಮಾಡಲ್ರಿ ಹಂಗಾರ?" ಎಂದರು.

ರವಿವಾರ ಬೆಳಿಗ್ಗೆ ಬಿಸಿಲು ಒಳಗೆ ಬೀಳುವ ಹೊತ್ತಿಗೆ ಮೇಜು ಕಿಟಕಿಗೆ ಎಳೆದರು. ಒಂದು ಬೋಗುಣಿಯಲ್ಲಿ ಲವಂಗದ ನೀರು, ಪಕ್ಕದ ಬಕೀಟಿನಲ್ಲಿ ತಿಳಿ ನೀರು. ಮೀನು ಹಿಡಿಯಲು ಒಬ್ಬರು ಬೇಕು. ವೈನಿಗೆ ಕಣ್ಣೀರು ನಿಲ್ಲುತ್ತಿರಲಿಲ್ಲ, ಆದ್ದರಿಂದ ಕರ್ಮ ನನ್ನ ಪಾಲಿಗೆ ಬಂತು. ಕೊರಳಿನ ಲಿಂಗವನ್ನು ಸೀರೆಯೊಳಗೆ ಸರಿಸಿ, ಒದ್ದೆ ಅರಿವೆ ಹಿಡಿದು ನಿಂತೆ. ಡಾಕ್ಟರು ಡ್ರಾಪರಿನಿಂದ ಹನಿ ಬಿಟ್ಟರು. ಸಾವ್ಕಾರ ತಿರುಗಿದ, ವಾಲಿದ, ಮಗ್ಗುಲಾದ. ಕಿವಿರು ಮೆಲ್ಲಗೆ ಆಡುತ್ತಿತ್ತು. ಯಾವಾಗಲೂ ಅಲ್ಲಿಗೆ ನಿಲ್ಲಿಸುತ್ತಿದ್ದವರು ಅವತ್ತು ನಿಲ್ಲಿಸಲಿಲ್ಲ.

"ಸಾಕಲ್ರಿ ಡಾಕ್ಟರ್ರ?" ಎಂದೆ.

"ಇನ್ನೊಂಚೂರು ಇರ್ಲಿ ಅಕ್ಕೋರ. ಕೈ ತಡಾ ಮಾಡಿದ್ರ ನಡುವ ಎಚ್ಚರ ಆಗಬಾರದು. ಪಾಪ, ಅದಕ್ಕ ಹೇಳಾಕ ಬರೂದಿಲ್ಲ." ಮತ್ತೆ ಹನಿ ಬಿಟ್ಟರು, ಮತ್ತೆ ಕಾದರು. ಕಾಯುವುದು ಅವರ ಹುಟ್ಟುಗುಣ. ಮನುಷ್ಯರಾದರೆ ಬಾಕಿನ ಮೇಲೆ ಎಷ್ಟು ಹೊತ್ತು ಕಾದರೂ ಉಸಿರಾಡುತ್ತಲೇ ಇರುತ್ತಾರೆ. ಮೀನು ಉಸಿರಾಡಬೇಕಾದದ್ದು ಅದೇ ಎಣ್ಣೆಯ ನೀರನ್ನು.

ಆಮೇಲೆ ನಾನು ಎತ್ತಿ ಹಿಡಿದೆ. ಅಂಗೈಯಲ್ಲಿ ಅದು ತಣ್ಣಗೆ, ಭಾರವಾಗಿ ಇತ್ತು. ಡಾಕ್ಟರು ಸಣ್ಣ ಕತ್ತರಿ ತೆಗೆದುಕೊಂಡರು. ನಾನು ಮೀನನ್ನು ನೋಡಲಿಲ್ಲ, ಅವರ ಕೈಯನ್ನೇ ನೋಡಿದೆ. ಅದು ನಡುಗಲಿಲ್ಲ. ಎಳ್ಳಷ್ಟೂ ನಡುಗಲಿಲ್ಲ. ಒಂದೇ ಸಲಕ್ಕೆ ಗಂಟು ಬುಡದಿಂದ ಬಂತು. ತುಟಿಯ ಅಂಚು ಹರಿದಿರಲಿಲ್ಲ. ಔಷಧ ಹಚ್ಚಿ, "ಬಿಡ್ರಿ ಬಿಡ್ರಿ, ತಿಳಿ ನೀರಿಗೆ ಬಿಡ್ರಿ" ಎಂದರು. ಬಿಟ್ಟೆ. ಅವರು ಅದನ್ನು ಹೊಟ್ಟೆಯ ಕೆಳಗೆ ಹಿಡಿದು ಬಕೀಟಿನಲ್ಲಿ ಮೆಲ್ಲಗೆ ಮುಂದೆ ಮುಂದೆ ನಡೆಸಿದರು, ಬಾಯಿಂದ ನೀರು ಒಳಗೆ ಹೋಗಲಿ ಎಂದು. ಕಿವಿರು ಆಡಲಿಲ್ಲ. ನೀರು ಬದಲಿಸಿದರು, ಮತ್ತೆ ನಡೆಸಿದರು. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆಗೆ ಹೋಯಿತು. ವೈನಿ ಬಂದು ಅವರ ಭುಜದ ಮೇಲೆ ಕೈಯಿಟ್ಟು "ಅಹೋ" ಎಂದಷ್ಟೇ, ನಮ್ಮಲ್ಲಿ ಗಂಡನಿಗೆ ರೀ ಎನ್ನುವ ಹಾಗೆ, ಕರೆದರು. ಆಗ ಬಿಟ್ಟರು.

"ಕೈ ನಡಗಲಿಲ್ರಿ ಡಾಕ್ಟರ್ರ. ನಾ ನೋಡೀನಿ. ಎಣ್ಣಿ ಹೆಚ್ಚಾತು, ಅಷ್ಟ" ಎಂದೆ.

"ಎಣ್ಣಿ ಹಾಕಿದ್ದೂ ಇದ ಕೈ ಅಲ್ಲೇನ್ರಿ" ಎಂದರು.

ನನಗೆ ಆ ಮಾತಿಗೆ ಇಂದಿಗೂ ಸಿಟ್ಟಿದೆ. ಕೈ ತಪ್ಪಿರಲಿಲ್ಲ. ಎಣ್ಣೆ ಹೆಚ್ಚು ಹಾಕಿಸಿದ್ದು ಅವರ ಹೆದರಿಕೆ. ನೋಯಬಾರದು, ನೋಯಬಾರದು ಎಂಬ ಆ ಒಂದು ಹಟ ಮೀನಿನ ಉಸಿರನ್ನೇ ತೆಗೆದುಕೊಂಡಿತು. ಇದನ್ನು ನಾನು ಅವರಿಗೆ ಬಿಡಿಸಿ ಹೇಳಿದೆ, ಶಾಲೆಯಲ್ಲಿ ಲೆಕ್ಕ ಬಿಡಿಸಿ ಹೇಳುವ ಹಾಗೆ. ಅವರು ತಲೆಯಾಡಿಸುತ್ತ ಕೇಳಿದರು, ಕೇಳಿ ಹಿತ್ತಲಿನ ಕರಿಬೇವಿನ ಬುಡದಲ್ಲಿ ಸಾವ್ಕಾರನನ್ನು ಹೂಳಿ ಬಂದರು. ಮರುದಿನ ದವಾಖಾನೆ ತೆರೆಯಲಿಲ್ಲ.

ವಾರ ಕಳೆಯುವುದರೊಳಗೆ ವೈನಿ ನನ್ನ ಖೋಲಿಗೆ ಬಂದರು. "ನೀವರ ಏನರ ಮಾಡ್ರಿ ಅಕ್ಕೋರ. ನಾ ಹೇಳಿದ್ರ ಹೆಂಡ್ತಿ ಮಾತಾಗತೈತಿ. ಕೆಲಸಾ ಬಿಟ್ಟು ಕುಂತ್ರ ಈ ಮನಷ್ಯಾ ಉಳ್ಯಾಂಗಿಲ್ಲ. ಗ್ವಾಡಿ ನೋಡ್ಕೋತ ಕುಂದರತಾರ." ನನಗೊಂದು ದವಡೆ ಹಲ್ಲು ಹುಳುಕಾಗಿ ಬಹಳ ದಿನದಿಂದ ಕಾಡುತ್ತಿತ್ತು. ಪರೀಕ್ಷೆ ಮುಗಿಯಲಿ ಎಂದು ಮುಂದೆ ಹಾಕುತ್ತ ಬಂದಿದ್ದೆ. ನೇರ ನಡುಮನೆಗೆ ಹೋಗಿ ಅವರ ಎದುರಿಗೆ ನಿಂತೆ.

"ಡಾಕ್ಟರ್ರ, ನನ್ನ ಹಲ್ಲು ಕೀಳ್ರಿ. ಹುಬ್ಬಳ್ಳಿಗೆ ಹೋಗಂತ ಹೇಳಬ್ಯಾಡ್ರಿ, ನಾ ಹೋಗೂದಿಲ್ಲ. ನನ್ನ ಬಾಯಾಗ ನಿಮ್ಮ ಕೈ ನೋಡೂಣು."

ಬೇಡ ಎಂದರು, ಗುಳಿಗೆ ಕೊಡುತ್ತೇನೆ ಎಂದರು. ನಾನು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಹೋಗಿ ಕೂತುಬಿಟ್ಟೆ. ಬಂದರು. ಕೈ ತೊಳೆದುಕೊಳ್ಳುವಾಗ ನಡುಗುತ್ತಿತ್ತು, ಅದನ್ನು ನಾನೂ ನೋಡಿದೆ. ಲವಂಗದ ಹತ್ತಿ ಇಟ್ಟರು, ಕಾದರು. ಸೂಜಿ ಹಾಕಿದರು, ಮತ್ತೆ ಕಾದರು. ವೈನಿ ಬಾಗಿಲಲ್ಲಿ ನಿಂತಿದ್ದರು. ಇಕ್ಕಳ ಹಿಡಿದೊಡನೆ ಆ ಕೈ ಹಳೆಯ ಕೈಯಾಯಿತು. ಹಲ್ಲು ಬುಡದಲ್ಲಿ ಸಡಿಲವಾದದ್ದು ತಿಳಿಯಿತು, ಎಲ್ಲೋ ದೂರದ ಮನೆಯಲ್ಲಿ ಮೇಜು ಸರಿಸಿದ ಹಾಗೆ. ನೋವಲ್ಲ, ಬರೀ ಸದ್ದು. ಮುಂದಿನ ಕ್ಷಣ ಹಲ್ಲು ಅವರ ಅಂಗೈಯಲ್ಲಿತ್ತು.

"ನೋವಾತೇನ್ರಿ ಅಕ್ಕೋರ?"

ಹತ್ತಿ ಕಚ್ಚಿಕೊಂಡೇ ಇಲ್ಲ ಎಂದು ತಲೆಯಾಡಿಸಿದೆ.

"ಹೌದು. ಕಾಲ್ಬಳ್ಳು ಹಂದಲಿಲ್ಲ, ನೋಡೀನಿ" ಎಂದರು. ವೈನಿಯ ಮುಖ ಅರಳಿತು. ನಾನೂ ಗೆದ್ದೆ ಎಂದುಕೊಂಡೆ. ಅವರು ಹಲ್ಲನ್ನು ತಟ್ಟೆಗೆ ಹಾಕಿ, ನನ್ನ ಪಾದಗಳನ್ನು ಇನ್ನೊಮ್ಮೆ ನೋಡಿದರು.

"ಆದ್ರ ನಾ ಕಾಲ್ಬಳ್ಳು ನೋಡ್ತೇನಿ ಅಂಬೂದು ನಿಮಗ ಗೊತ್ತೈತಿ. ನೋವಾಗಿದ್ರೂ ನೀವು ಹಂದಸ್ತಿದ್ದಿಲ್ಲ. ಸುಳ್ಳೇನ್ರಿ?"

ಸುಳ್ಳಾಗಿರಲಿಲ್ಲ. ಜೀವ ಹೋದರೂ ಬೆರಳು ಅಲುಗಿಸಬಾರದೆಂದು ಗಟ್ಟಿ ಮಾಡಿಕೊಂಡೇ ಆ ಕುರ್ಚಿಗೆ ಏರಿದ್ದೆ. ಅದು ನನ್ನ ಮುಖದಲ್ಲಿ ಅವರಿಗೆ ಕಂಡಿರಬೇಕು. ಅವರ ಎದುರಿಗೆ ಇಲ್ಲದ ಮಾತು ಆಡಲಿಕ್ಕೆ ನನಗೆ ಬರಲಿಲ್ಲ. ಅವರು ಇಕ್ಕಳ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದರು. "ಇವತ್ತ ಬಿಸಿ ಏನೂ ತಗೋಬ್ಯಾಡ್ರಿ" ಎಂದರು. ಅದೇ ವಾರ ಬೋರ್ಡು ಇಳಿಯಿತು. ಉಳಿದ ಮೀನುಗಳು ಅಂಬಿಕಾನಗರದ ಇಂಜಿನಿಯರ ಮನೆಗೆ ಹೋದವು, ಡಾಕ್ಟರೂ ವೈನಿಯೂ ಹಳಿಯಾಳಕ್ಕೆ ಹೋದರು. ದಾಂಡೇಲಿಯವರು ಹಲ್ಲುನೋವಿಗೆ ಹುಬ್ಬಳ್ಳಿ ಬಸ್ಸು ಹತ್ತತೊಡಗಿದರು.

ಆಮೇಲೆ ಒಂದು ಸಲ ಹಳಿಯಾಳಕ್ಕೆ ಹೋಗಿ ಕಂಡು ಬಂದೆ. ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಿದ್ದರು. ಲವಂಗದ ವಾಸನೆ ಇರಲಿಲ್ಲ. ಹಲ್ಲಿನ ಮಾತು ನಾನೇ ಎತ್ತಿದೆ, ಅವತ್ತು ಖರೇನ ನೋವಾಗಿರಲಿಲ್ಲ ಎಂದೆ. "ಬಿಡ್ರಿ ಅಕ್ಕೋರ, ನೀವು ಭಾಳ ಚಲೋ ಮಂದಿ" ಎಂದು ನಕ್ಕರು. ನಂಬದಿರುವವರು ಮಾತ್ರ ಹಾಗೆ ನಗುತ್ತಾರೆ.

ನೋವಾಗಿರಲಿಲ್ಲ. ಬಚ್ಚಿಡಲಿಕ್ಕೆ ಗಟ್ಟಿಯಾಗಿ ಕೂತಿದ್ದೆ, ಬಚ್ಚಿಡುವಂಥದ್ದು ಏನೂ ಬರಲೇ ಇಲ್ಲ. ಈಗ ಇದನ್ನು ಯಾರಿಗೆ ಹೇಳಿದರೂ ಸಲೀಸಾಗಿ ನಂಬುತ್ತಾರೆ. ನಂಬಬೇಕಾಗಿದ್ದವರು ಒಬ್ಬರೇ.